ದೋಟಿ ಗರಗಸದಿಂದ ಮರಗಸಿ ಮಾಡುವ ಕ್ರಮ

ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಕಡಿದು ಗಿಡಗಳಿಗೆ ಬೆಳಕು ಬಿಡುವ ಕೆಲಸಕ್ಕೆ ಮರಗಸಿಯೆಂದು ಹೆಸರು. ಮರ ಹತ್ತಬಲ್ಲ ಆಳುಗಳು ದೊರೆಯುವುದು ಕಷ್ಟವಾಗಿರುವುದರಿಂದ, ಕೆಳಗಿನ ಕೊಂಬೆಗಳಿಗೆ ವಿದ್ಯುತ್ತಿನಿಂದ ನಡೆಯುವ ದೋಟಿ ಗರಗಸವು ಬಳಕೆಗೆ ಬಂದಿದೆ. ಉದ್ದವಾದ ಕೋಲಿನ ತುದಿಗೆ ಚಿಕ್ಕ ಸರಪಳಿ ಗರಗಸವನ್ನು ಜೋಡಿಸಿದ ಯಂತ್ರವಿದು. ನೆಲದ ಮೇಲೆಯೇ ನಿಂತು ಕೊಯ್ಯಬಹುದಾದ್ದರಿಂದ ಮರದಿಂದ ಬೀಳುವ ಭಯವಿಲ್ಲ. ಆದರೂ ಮೇಲಿನ ತಂತಿ, ಕೆಳಕ್ಕೆ ಬೀಳುವ ಕೊಂಬೆ, ಓಡುವ ಸರಪಳಿ, ಈ ಮೂರರಿಂದಲೂ ಪ್ರಾಣಾಪಾಯವುಂಟು. ಇವುಗಳಲ್ಲಿ ತಂತಿಯೇ ಎಲ್ಲಕ್ಕಿಂತ ಭಯಂಕರವಾದುದು.

1. ವಿದ್ಯುತ್ ತಂತಿ.— ಅಲ್ಯೂಮಿನಿಯಂ ಕೋಲಿನ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದು. ಕಾರ್ಬನ್ ಫೈಬರಿನ ಕೋಲು ಲೋಹವಲ್ಲವೆಂದು ನಂಬಿ ಮೋಸಹೋಗಕೂಡದು. ಅದರಲ್ಲಿಯೂ ವಿದ್ಯುತ್ತು ಹರಿಯುವುದು. ಫೈಬರ್ ಗ್ಲಾಸಿನ ಕೋಲು ಸಹ ಒದ್ದೆಯಾದಾಗ ಅಥವಾ ಕೊಳೆ ಹಿಡಿದಾಗ ನಂಬಿಕೆಗೆ ಅರ್ಹವಲ್ಲ. ಬ್ಯಾಟರಿಯ ಯಂತ್ರವಾದರೂ ಮೇಲಿನ ತಂತಿಯ ವಿಷಯದಲ್ಲಿ ಯಾವ ರಕ್ಷಣೆಯನ್ನೂ ಕೊಡಲಾರದು. 11,000 ವೋಲ್ಟಿನ ತಂತಿಗೆ ಕೋಲು ಮುಟ್ಟಲೇಬೇಕೆಂದಿಲ್ಲ. ತೀರ ಸಮೀಪಕ್ಕೆ ಹೋದರೂ ವಿದ್ಯುತ್ತು ಹಾರಬಹುದು. ತಂತಿಯಿಂದ 50 ಅಡಿ, ಅಂದರೆ 15 ಮೀಟರು ದೂರವಿರಬೇಕೆಂದು ಅನೇಕ ಯಂತ್ರಗಳ ಕೈಪಿಡಿಗಳು ವಿಧಿಸುತ್ತವೆ. ಅದಕ್ಕಿಂತ ಸಮೀಪದ ಕೊಂಬೆಯನ್ನು ಮುಟ್ಟದೆ ವಿದ್ಯುತ್ ಕಂಪೆನಿಯ ಕಚೇರಿಗೆ ತಿಳಿಸತಕ್ಕದ್ದು. ಯಾರಿಗಾದರೂ ವಿದ್ಯುತ್ತು ತಗುಲಿದಲ್ಲಿ, ಸರಬರಾಜು ನಿಲ್ಲುವವರೆಗೆ ಅವರನ್ನಾಗಲಿ ಕೋಲನ್ನಾಗಲಿ ಮುಟ್ಟಕೂಡದು.

2. ನಿಲ್ಲುವ ಸ್ಥಳ.— ಕೊಯ್ಯುವ ಕೊಂಬೆಯ ಕೆಳಗೆ ಎಂದಿಗೂ ನಿಲ್ಲಕೂಡದು. ಕೋಲನ್ನು ನೆಲಕ್ಕೆ 60 ಡಿಗ್ರಿಗಿಂತ ನೆಟ್ಟಗೆ ಎತ್ತಬಾರದು. 10 ಅಡಿಯ ಕೋಲನ್ನು 60 ಡಿಗ್ರಿಯಲ್ಲಿ ಹಿಡಿದರೆ ಅದರ ತುದಿಗೂ ಹಿಡಿದವನಿಗೂ ನಡುವೆ ಅಡ್ಡಲಾಗಿ 5 ಅಡಿ ಅಂತರವಿರುವುದು. ಇದಕ್ಕಿಂತ ನೆಟ್ಟಗಾದಷ್ಟೂ ಕೊಂಬೆಯು ತಲೆಯ ಸಮೀಪಕ್ಕೆ ಬೀಳುವುದು. ಹಿಂದೆ ಸರಿಯುವ ದಾರಿಯನ್ನು ಮೊದಲೇ ತೆರವು ಮಾಡಿಕೊಳ್ಳಬೇಕು. ಉಳಿದವರು 50 ಅಡಿ ದೂರದಲ್ಲಿರತಕ್ಕದ್ದು. ಏಣಿಯ ಮೇಲೆ ನಿಂತು ಈ ಯಂತ್ರವನ್ನು ನಡೆಸುವುದು ಸರ್ವಥಾ ನಿಷಿದ್ಧ.

3. ಕೊಯ್ಯುವ ಕ್ರಮ.— ಉದ್ದವಾದ ಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಬೇಕು. ಇದರಿಂದ ಕೆಳಗಿನ ಕಾಫಿ ಗಿಡಗಳೂ ಉಳಿಯುವುವು. ದಪ್ಪ ಕೊಂಬೆಗೆ ಮೂರು ಕೊಯ್ತಗಳು ಅವಶ್ಯಕ. ಮೊದಲನೆಯದನ್ನು ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೆಳಗಿನಿಂದ ಕಾಲುಭಾಗದಷ್ಟು ಆಳ ಕೊಯ್ಯುವುದು. ಎರಡನೆಯದು ಅದಕ್ಕಿಂತ ಎರಡು ಮೂರು ಅಂಗುಲ ಆಚೆ, ಮೇಲಿನಿಂದ. ಆಗ ತೊಗಟೆ ಸೀಳದೆ ಕೊಂಬೆ ಬೀಳುವುದು. ಮೂರನೆಯದರಿಂದ ಉಳಿದ ಮೋಟನ್ನು ತೆಗೆಯುವಾಗ ಕೊಂಬೆಯ ಬುಡದಲ್ಲಿರುವ ಉಬ್ಬನ್ನು ಕಾಂಡದಲ್ಲಿಯೇ ಬಿಡಬೇಕು. ಗಾಯವು ಮುಚ್ಚುವುದು ಆ ಉಬ್ಬಿನಿಂದಲೇ.

4. ಯಂತ್ರದ ಜೋಪಾನ.— ಗರಗಸದ ಮೂತಿಯ ಮೇಲ್ಭಾಗವು ಬೇರೆ ಕೊಂಬೆಗೆ ತಗುಲಿದರೆ ಯಂತ್ರವು ಥಟ್ಟನೆ ಹಿಂದಕ್ಕೆ ಒದೆಯುವುದು. ಆದ್ದರಿಂದ ಎರಡು ಕೈಗಳಿಂದಲೂ ಹಿಡಿದಿರಬೇಕು. ಸರಪಳಿಯನ್ನು ಬಿಗಿ ಮಾಡುವ ಅಥವಾ ಸಿಕ್ಕಿದ ಚೂರನ್ನು ತೆಗೆಯುವ ಮುನ್ನ ಬ್ಯಾಟರಿಯನ್ನು ಹೊರತೆಗೆಯತಕ್ಕದ್ದು. ವೈರಿನ ಯಂತ್ರವಾದರೆ ಪ್ಲಗ್ಗನ್ನು ಕಿತ್ತಿಡಬೇಕು. ಅದರ ಸಾಲಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚೂ ಇರಬೇಕು. ಹೆಲ್ಮೆಟ್, ಕನ್ನಡಕ, ಗಟ್ಟಿ ಬೂಟುಗಳಿಲ್ಲದೆ ಕೆಲಸಕ್ಕೆ ತೊಡಗಕೂಡದು. ಮಳೆಯಲ್ಲಿಯೂ ಬಿರುಗಾಳಿಯಲ್ಲಿಯೂ ಯಂತ್ರವನ್ನು ಹೊರಗೆ ತರಬಾರದು.

ತೋಟದ ಯಜಮಾನರು ಕೆಲಸವನ್ನು ಆರಂಭಿಸುವ ಮೊದಲು ಆಳುಗಳೊಡನೆ ಸಾಲುಸಾಲಾಗಿ ನಡೆದು, ತಂತಿಯ ಸಮೀಪದ ಮರಗಳಿಗೆಲ್ಲ ಸುಣ್ಣದ ಗುರುತು ಹಾಕಿಸುವುದು ಉತ್ತಮ. ಗುರುತಿನ ಮರವನ್ನು ಆ ದಿನ ಯಾರೂ ಮುಟ್ಟಕೂಡದು. ಒಂದು ಮರದ ನೆರಳು ಹೆಚ್ಚಾಗಿ ಉಳಿದರೆ ಆಗುವ ನಷ್ಟವು ಅಲ್ಪ. ಅದಕ್ಕಾಗಿ ಆಳಿನ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದು ಸಲ್ಲದು.