ಮಗಳನ್ನು ಶಾಲೆ ಬಿಡಿಸಬೇಕೇ?

ನಿಟ್ಟೂರು ಹೊಸನಗರ ತಾಲ್ಲೂಕಿನ ಊರು. ಕೊಲ್ಲೂರಿಗೆ ಹೋಗುವ ದಾರಿಯಲ್ಲಿದೆ. ಸುತ್ತ ಕಾಡು, ಗುಡ್ಡ, ಅಡಿಕೆ ತೋಟ. ಮನೆಗಳು ಒಂದು ಇಲ್ಲಿ, ಒಂದು ಅಲ್ಲಿ. ಮಳೆ ಹಿಡಿದರೆ ಬಿಡೋದಿಲ್ಲ.

ಇಂಥ ಕಡೆ ಒಬ್ಬ ತಾಯಿ ಇದ್ದಾಳೆ ಎಂದು ಇಟ್ಟುಕೊಳ್ಳೋಣ. ಗಂಡ ತೀರಿಕೊಂಡಿದ್ದಾನೆ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಕೆಲಸ ಸಿಗುತ್ತದೆ. ರಾತ್ರಿವರೆಗೂ ಮೆಟ್ಟುಗತ್ತಿ ಮುಂದೆ ಕೂರಬೇಕು. ಮಳೆಗಾಲದಲ್ಲಿ ನೆಟ್ಟಿ ಮುಗಿದ ಮೇಲೆ ಕೂಲಿ ಕಡಿಮೆ. ಆಗ ಅಂಗಡಿಯಲ್ಲಿ ಸಾಲ. ಸಾಲ ಬೆಳೆದಾಗ ನೆಂಟರು ಬಂದು ಹೇಳುವ ಮಾತು ಒಂದೇ. "ಮಗಳನ್ನ ಶಾಲೆ ಬಿಡಿಸೇ. ಅವಳೂ ನಾಲ್ಕು ಕಾಸು ದುಡೀಲಿ." ಮಗನನ್ನು ಬಿಡಿಸು ಅಂತ ಯಾರೂ ಹೇಳೋದಿಲ್ಲ, ನೋಡಿ!

ಬಿಡಿಸುವ ಮೊದಲು ನಮಗೆ ಏನೇನು ಸಿಗುತ್ತದೆ ಎಂದು ತಿಳಿಯೋಣ.

ನಮ್ಮ ರಾಜ್ಯದಲ್ಲಿ ವಿಧವಾ ವೇತನ 1984ರಲ್ಲಿ ಶುರುವಾಯಿತು. ಈಗ ತಿಂಗಳಿಗೆ 800 ರೂಪಾಯಿ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಬಡ ಕುಟುಂಬದಲ್ಲಿ ದುಡಿಯುವವರು 60 ವರ್ಷ ತುಂಬುವ ಮೊದಲೇ ತೀರಿಕೊಂಡರೆ ಒಂದು ಸಲಕ್ಕೆ 20,000 ರೂಪಾಯಿ ಕೊಡುವ ಯೋಜನೆಯೂ ಇದೆ. ಆದರೆ 800 ರೂಪಾಯಿಯಲ್ಲಿ ಎರಡು ಮಕ್ಕಳನ್ನು ಸಾಕಲು ಆಗುತ್ತದೆಯೇ? ಆಗೋದಿಲ್ಲ.

ಅದಕ್ಕೇ ಇನ್ನೊಂದು ದಾರಿ ಇದೆ. ಅದರ ಹೆಸರು ಪ್ರಾಯೋಜಕತ್ವ. ಬಾಯಿ ತಿರುಗದ ಹೆಸರು! ಬಿಡಿಸಿ ಓದೋಣ: ಪ್ರಾ-ಯೋ-ಜ-ಕ-ತ್ವ. ಮಗು ತಾಯಿಯ ಹತ್ತಿರವೇ ಬೆಳೆಯಬೇಕು, ಅದರ ಖರ್ಚಿಗೆ ಬೇರೆಯವರು ಹಣ ಕೊಡಬೇಕು. ಇಷ್ಟೇ ಇದರ ಅರ್ಥ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದು ಇದೆ. 'ಮಿಷನ್ ವಾತ್ಸಲ್ಯ' ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಎಂದು 2022ರಲ್ಲಿ ಗೊತ್ತು ಮಾಡಿದರು. ಗಂಡ ಸತ್ತವರ ಮಕ್ಕಳು, ಗಂಡ ಬಿಟ್ಟವರ ಮಕ್ಕಳು ಇದನ್ನು ಕೇಳಬಹುದು. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಸರ್ಕಾರವಲ್ಲದೆ ದಾನಿಗಳೂ, ಸಂಘ-ಸಂಸ್ಥೆಗಳೂ ಹೀಗೆ ಒಂದು ಮಗುವಿನ ಖರ್ಚು ವಹಿಸಿಕೊಳ್ಳಬಹುದು. ಮಗು ಶಾಲೆಗೆ ಹೋಗುತ್ತಿರಬೇಕು. ಶಾಲೆ ನಿಂತರೆ ಹಣವೂ ನಿಲ್ಲಬಹುದು.

"ಬೇರೆಯವರ ದುಡ್ಡು ತಗೊಳೋದಾ? ನಾಚಿಕೆ" ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸುತ್ತದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಯಾರ ಹೆಸರಿದೆ? ಸರ್ ಎಂ. ವಿಶ್ವೇಶ್ವರಯ್ಯನವರದು. ಅವರು ಹುಡುಗರಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ಆಸರೆಯಾದರು. ಮನೆಪಾಠ ಹೇಳಿಕೊಟ್ಟು ಓದಿದರು. ಆಮೇಲೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಕಳಿಸಿತು. 1883ರಲ್ಲಿ ಎಂಜಿನಿಯರ್ ಪರೀಕ್ಷೆ ಪಾಸಾದರು. 1912ರಲ್ಲಿ ಅದೇ ಮೈಸೂರಿಗೆ ದಿವಾನರಾದರು. ಆ ನೆರವು ಪಡೆದದ್ದಕ್ಕೆ ಅವರ ಮರ್ಯಾದೆ ಕಡಿಮೆಯಾಯಿತೇ?

ಆದರೆ ಒಂದು ಎಚ್ಚರ ಬೇಕು. ಯಾರೋ ಬರುತ್ತಾರೆ. "ಅಕ್ಕಾ, ಮಗಳನ್ನ ನಮ್ಮ ಜೊತೆ ಕಳಿಸಿ, ಪೇಟೆಯಲ್ಲಿ ಓದಿಸ್ತೀವಿ. ಇಲ್ಲಿ ಹೆಬ್ಬೆಟ್ಟು ಒತ್ತಿ" ಎನ್ನುತ್ತಾರೆ. ಒತ್ತಬೇಡಿ. ಮೊದಲು ಕಾಗದ ಓದಿ. 'ಅನಾಥ' ಎಂಬ ಮಾತು ಅದರಲ್ಲಿ ಇದೆಯೇ ನೋಡಿ. ತಾಯಿ ಬದುಕಿರುವಾಗ ಮಗು ಅನಾಥ ಹೇಗಾಗುತ್ತದೆ? ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಗೆ ನೋಂದಣಿ ಇರಲೇಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಸಂಶಯ ಬಂದರೆ 1098ಕ್ಕೆ ಫೋನ್ ಮಾಡಬಹುದು. ಅದು ಮಕ್ಕಳ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ.

ಅರ್ಜಿ ಯಾರಿಗೆ ಕೊಡಬೇಕು? ಶಿವಮೊಗ್ಗದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಷ್ಟು ದೂರ ಬಸ್ಸಿನಲ್ಲಿ ಹೋದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೇ ಮೊದಲು ಊರಿನ ಅಂಗನವಾಡಿ ಟೀಚರನ್ನು ಕೇಳೋಣ. ಗಂಡನ ಮರಣ ಪತ್ರ, ಆದಾಯ ಪತ್ರ, ರೇಷನ್ ಕಾರ್ಡು, ಆಧಾರ್, ಮಗುವಿನ ಶಾಲೆಯ ಪತ್ರ, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿಡೋಣ. ನಮ್ಮ ಮಳೆಗೆ ಟ್ರಂಕಿನೊಳಗಿನ ಕಾಗದಕ್ಕೂ ಬೂಸಲು ಹಿಡಿಯುತ್ತದೆ. ಮರಣ ಪತ್ರ ಇನ್ನೂ ಮಾಡಿಸಿಲ್ಲವೇ? ಅದೇ ಮೊದಲ ಕೆಲಸ. ಅದಿಲ್ಲದೆ ಯಾವ ಅರ್ಜಿಯೂ ಮುಂದೆ ಹೋಗೋದಿಲ್ಲ.

ಹಣ ಬ್ಯಾಂಕ್ ಖಾತೆಗೇ ಬರುತ್ತದೆ, ಯಾರೂ ಕೈಗೆ ಕೊಡುವುದಿಲ್ಲ. ಪಾಸ್‌ಬುಕ್ಕಿನಲ್ಲಿ 'ಜಮೆ' ಎಂದರೆ ಬಂದದ್ದು. 'ಖರ್ಚು' ಎಂದರೆ ತೆಗೆದದ್ದು. 'ಬಾಕಿ' ಎಂದರೆ ಉಳಿದದ್ದು. "ಕೊಡಿಸಿದ್ದು ನಾನು, ನನಗೆ ಐನೂರು ಕೊಡು" ಎಂದು ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ.

ಓದಿ, ಬರೆಯಿರಿ:

ಮರಣ ಪತ್ರ. ಆದಾಯ ಪತ್ರ. ಜಮೆ. ಬಾಕಿ. ಸಹಿ.

ನನ್ನ ಹೆಸರು ____________

ನನ್ನ ಮಗಳ ಹೆಸರು ____________

ಅವಳು ಓದುವ ಕ್ಲಾಸು ____________