ಕುಸುಬೆ: ಹಿಂಗಾರಿನ ಎಣ್ಣೆಕಾಳು ಬೆಳೆ

ಕುಸುಬೆ ಸೂರ್ಯಕಾಂತಿಯ ಕುಟುಂಬವಾದ ಆಸ್ಟರೇಸಿಗೆ ಸೇರಿದ ವಾರ್ಷಿಕ ಎಣ್ಣೆಕಾಳು ಬೆಳೆ. ವೈಜ್ಞಾನಿಕ ಹೆಸರು ಕಾರ್ಥಮಸ್ ಟಿಂಕ್ಟೋರಿಯಸ್. ಮರಾಠಿಯಲ್ಲಿ ಇದಕ್ಕೆ ಕರಡಿ ಎನ್ನುತ್ತಾರೆ. ದೇಶದಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಇದನ್ನು ಬೆಳೆಯುವ ಪ್ರಮುಖ ರಾಜ್ಯಗಳು.

ಬೆಳೆಯುವ ಪ್ರದೇಶ: ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳು. ತೇವ ಹಿಡಿದಿಡುವ ಆಳವಾದ ಕಪ್ಪು ಮಣ್ಣು ಸೂಕ್ತ. ನೀರು ನಿಂತರೆ ಬೇರು ಕೊಳೆಯುತ್ತದೆ.

ಬೇಸಾಯ: ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತನೆ, ಸುಮಾರು 120ರಿಂದ 135 ದಿನಗಳಲ್ಲಿ ಕೊಯ್ಲು. ತಾಯಿಬೇರು ಆಳಕ್ಕಿಳಿದು ತೇವ ಹೀರುವುದರಿಂದ ಬೆಳೆ ಬರ ತಾಳುತ್ತದೆ. ಮುಳ್ಳಿನ ಎಲೆಗಳಿಗೆ ದನ ಬಾಯಿ ಹಾಕುವುದಿಲ್ಲ; ಆದ್ದರಿಂದ ಜೋಳ, ಕಡಲೆ ಹೊಲಗಳ ಅಂಚಿಗೂ ಬಿತ್ತುವ ರೂಢಿಯಿದೆ. ಮುಖ್ಯ ಕೀಟ ಸಸ್ಯಹೇನು. ಅಣ್ಣಿಗೇರಿ-1 ರಾಜ್ಯದ ಹೆಸರಾಂತ ತಳಿ.

ಉಪಯೋಗ: ಬೀಜದಲ್ಲಿ ಸುಮಾರು ಶೇ 28ರಿಂದ 35ರಷ್ಟು ಎಣ್ಣೆ ಇರುತ್ತದೆ. ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಶೇ 70ಕ್ಕೂ ಹೆಚ್ಚು ಲಿನೋಲಿಕ್ ಆಮ್ಲವಿದೆ. ಎಣ್ಣೆ ಅಡುಗೆಗೆ, ಬಣ್ಣ ಮತ್ತು ವಾರ್ನಿಷ್ ತಯಾರಿಕೆಗೆ, ಹಿಂಡಿ ದನಗಳ ಮೇವಿಗೆ, ಎಳೆ ಎಲೆ ಪಲ್ಯಕ್ಕೆ ಬಳಕೆಯಾಗುತ್ತವೆ. ಎಸಳುಗಳಲ್ಲಿರುವ ಕಾರ್ಥಮಿನ್ ಕೆಂಪು ಬಣ್ಣದ ಮೂಲ.

ನೆನಪಿಡಿ: ಒಣಗಿದ ಕುಸುಬೆ ಎಸಳನ್ನು ಕೇಸರಿಗೆ ಕಲಬೆರಕೆ ಮಾಡುವುದುಂಟು. ಆದರೆ ಕೇಸರಿ ಐರಿಡೇಸಿ ಕುಟುಂಬದ್ದು. ಅದು ಹೂವಿನ ಶಲಾಕಾಗ್ರ, ಎಸಳಲ್ಲ. ಕುಸುಬೆಯಂಥ ಎಣ್ಣೆಕಾಳುಗಳ ಸಂಶೋಧನೆ ನಡೆಸುವ ಭಾರತೀಯ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಹೈದರಾಬಾದಿನ ರಾಜೇಂದ್ರನಗರದಲ್ಲಿದೆ.