ಶೈತ್ಯಾಗಾರದಲ್ಲಿಟ್ಟ ಮಾಲಿಗೆ ವಿಮೆ: ರೈತನು ತಿಳಿದಿರಬೇಕಾದ ಕಾನೂನು



ಮೆಣಸಿನಕಾಯಿಯನ್ನು ಶೈತ್ಯಾಗಾರದಲ್ಲಿಟ್ಟು, ಅದರ ಆಧಾರದ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯುವವರು ನಿಮ್ಮಲ್ಲಿ ಅನೇಕರಿದ್ದೀರಿ. “ಮಾಲಿಗೆ ವಿಮೆ ಇದೆಯೇ?” ಎಂದರೆ “ಶೈತ್ಯಾಗಾರದವರು ಮಾಡಿಸಿದ್ದಾರೆ” ಎನ್ನುತ್ತೀರಿ. ಅಷ್ಟು ತಿಳಿದರೆ ಸಾಲದು.

ನಮ್ಮ ರಾಜ್ಯದಲ್ಲೇ ನಡೆದ ಸಂಗತಿಯನ್ನು ಕೇಳಿರಿ. 2014ರ ಜನವರಿ 13ರ ರಾತ್ರಿ ಒಂದು ಶೈತ್ಯಾಗಾರಕ್ಕೆ ಬೆಂಕಿ ಬಿದ್ದು, ರೈತರ ಬ್ಯಾಡಗಿ ಮೆಣಸಿನಕಾಯಿ ಮೊದಲಾದ ಮಾಲೆಲ್ಲ ಸುಟ್ಟುಹೋಯಿತು. ಅದರ ಮೇಲೆ ಕೆನರಾ ಬ್ಯಾಂಕಿನ ಸಾಲವಿತ್ತು. ವಿಮೆ ಇದ್ದುದು ಶೈತ್ಯಾಗಾರದ ಹೆಸರಿನಲ್ಲಿ. ವಿಮಾ ಕಂಪನಿಯು ಹಣ ಕೊಡಲು ಒಪ್ಪಲಿಲ್ಲ. ರೈತರಿಗೂ ತನಗೂ ಕರಾರೇ ಇಲ್ಲವೆಂದು ವಾದಿಸಿತು. ಮಾಲು ಬೂದಿಯಾಯಿತು, ಸಾಲ ಮಾತ್ರ ಉಳಿಯಿತು.

ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಗಿ 2020ರ ಫೆಬ್ರವರಿ 6ರಂದು ತೀರ್ಪಾಯಿತು. ರೈತ, ಬ್ಯಾಂಕು, ಶೈತ್ಯಾಗಾರ ಈ ಮೂವರೂ ಸೇರಿ ಬರೆದುಕೊಂಡ ಕರಾರು ಅಲ್ಲಿ ರೈತರ ಕೈ ಹಿಡಿಯಿತು. ವಿಮೆಯ ಪ್ರಯೋಜನ ಪಡೆಯತಕ್ಕ ರೈತನೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೇ ಎಂದು ನ್ಯಾಯಾಲಯ ಹೇಳಿತು. ರೈತರು ಗೆದ್ದರು, ಆದರೆ ಆರು ವರ್ಷ ಕಾಯಬೇಕಾಯಿತು. ನಿಮಗೆ ಹಾಗಾಗದಿರಲು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಿರಿ.

1. ವಿಮಾ ಪತ್ರದ ನಕಲು ಕೇಳಿ ಓದಿಸಿಕೊಳ್ಳಿರಿ. ಕಟ್ಟಡಕ್ಕಷ್ಟೇ ಅಲ್ಲದೆ, ಇತರರು ಇಟ್ಟ ಮಾಲಿಗೂ ವಿಮೆ ಇದೆಯೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

2. ಚೀಲಗಳ ಸಂಖ್ಯೆ, ತೂಕ, ತಾರೀಖು ನಮೂದಿಸಿದ ರಸೀದಿ ಮತ್ತು ಸಾಲದ ಕರಾರಿನ ನಕಲನ್ನು ಮನೆಯಲ್ಲಿ ಜೋಪಾನವಾಗಿಡಿರಿ.

3. ಕಂತು ಸಲ್ಲದೆ ಹೊಣೆ ಆರಂಭವಾಗದೆಂಬುದು 1938ರ ವಿಮಾ ಕಾಯಿದೆಯ ನಿಯಮ. ವಿಮೆಯ ಅವಧಿ ಮುಗಿಯುವ ದಿನವನ್ನು ಗುರುತು ಹಾಕಿಕೊಳ್ಳಿರಿ.

4. ಬೆಲೆ ಕಡಿಮೆ ತೋರಿಸಿದರೆ ನಷ್ಟ ನಿಮಗೇ. ಎರಡು ಲಕ್ಷದ ಮಾಲಿಗೆ ಒಂದು ಲಕ್ಷದ ವಿಮೆಯಿದ್ದು, 50,000 ರೂಪಾಯಿಯ ಮಾಲು ಸುಟ್ಟರೆ, ಸಾಮಾನ್ಯವಾಗಿ ಸಿಗುವುದು 25,000 ಮಾತ್ರ.

5. ಅನಾಹುತವಾದರೆ ಪೊಲೀಸರಿಗೂ ಬ್ಯಾಂಕಿಗೂ ವಿಮಾ ಕಂಪನಿಗೂ ಕೂಡಲೇ ಲಿಖಿತ ಸುದ್ದಿ ಕೊಡಿರಿ. ಕಂಪನಿಯ ಸರ್ವೇಯರು ನೋಡುವವರೆಗೆ ಸುಟ್ಟ ಮಾಲನ್ನು ಎತ್ತಿ ಹಾಕಬೇಡಿರಿ.

6. ಪರಿಹಾರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. 2019ರ ಕಾಯಿದೆಯಂತೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು? ಈ ಸುಗ್ಗಿಯಲ್ಲಿ ಚೀಲ ಇಳಿಸುವ ಮೊದಲೇ ವಿಮಾ ಪತ್ರವನ್ನು ಕೇಳಿರಿ. ಓದಲು ತೊಡಕಾದರೆ ನನ್ನ ಬಳಿ ತನ್ನಿರಿ. ಕೂಡಿ ಕುಳಿತು ಓದೋಣ.

— ನಿಮ್ಮ ಗ್ರಾಮಸೇವಕ